ಕ್ಲೈಂಟ್ ಎದ್ದು ಹೋದ ಮೇಲೆ ಉಳಿಯುವ ಭಾವನೆ ಯಾರದು?

ಪ್ರಶ್ನೆ: ನಾನು ಆಪ್ತಸಮಾಲೋಚನೆಯ ತರಬೇತಿಯಲ್ಲಿದ್ದೇನೆ. ಒಬ್ಬ ಕ್ಲೈಂಟ್ ಜೊತೆ ಎಂಟು ಸೆಷನ್ ಆಗಿದೆ. ಅವರು ಶಾಂತವಾಗಿ ಮಾತಾಡುತ್ತಾರೆ, ಸಮಯಕ್ಕೆ ಸರಿಯಾಗಿ ಬರುತ್ತಾರೆ, ಹೋಗುವಾಗ ಥ್ಯಾಂಕ್ಸ್ ಹೇಳುತ್ತಾರೆ. ಆದರೆ ಅವರು ಬಾಗಿಲು ದಾಟಿದ ಮೇಲೆ ಪ್ರತಿಸಲವೂ ‘ನಾನು ಈ ಕೆಲಸಕ್ಕೆ ಬಾರದವಳು’ ಅನ್ನಿಸಿ ಕುಸಿದು ಕೂರುತ್ತೇನೆ. ಸಹಪಾಠಿಯೊಬ್ಬರು ‘ಇದು ಪ್ರೊಜೆಕ್ಟಿವ್ ಐಡೆಂಟಿಫಿಕೇಶನ್, ಆ ಭಾವನೆ ನಿನ್ನದಲ್ಲ, ಅವರದು’ ಎಂದರು. ಇದು ನಿಜವೇ? ಬರೀ ಪ್ರೊಜೆಕ್ಷನ್‌ಗೂ ಇದಕ್ಕೂ ಏನು ವ್ಯತ್ಯಾಸ? ಗುರುತಿಸುವುದು ಹೇಗೆ, ಗುರುತಿಸಿ ಏನು ಮಾಡಬೇಕು?

ಉತ್ತರ: ನಿಮ್ಮ ಸಹಪಾಠಿ ಸರಿಯಾದ ದಿಕ್ಕನ್ನೇ ತೋರಿಸಿದ್ದಾರೆ. ಆದರೆ ‘ಅದು ನಿನ್ನದಲ್ಲ’ ಎಂಬ ಮಾತನ್ನು ಒಪ್ಪಬೇಡಿ. ಅದು ಹುಟ್ಟಿದ್ದು ನಿಮ್ಮ ಮನಸ್ಸಿನಲ್ಲಿ, ನಿಮ್ಮದೇ ಹಳೆಯ ಸಾಮಗ್ರಿಯಿಂದ. ಹಾಗಾಗಿ ಅದು ನಿಮ್ಮದೇ. ಆ ಕೋಣೆಯಲ್ಲಿ, ಆ ಹೊತ್ತಿಗೆ, ಅಷ್ಟು ಜೋರಾಗಿ ಯಾಕೆ ಎದ್ದಿತು ಎಂದು ಕೇಳಿಕೊಂಡಾಗ ಕ್ಲೈಂಟ್ ಪಾಲು ಕಾಣಿಸುತ್ತದೆ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳದಿದ್ದರೆ ಈ ಪರಿಕಲ್ಪನೆ ಕೈ ತೊಳೆದುಕೊಳ್ಳುವುದಕ್ಕೆ ನೆಪವಾಗಿಬಿಡುತ್ತದೆ.

ಮೊದಲು ವ್ಯತ್ಯಾಸ. ಪ್ರೊಜೆಕ್ಷನ್, ಅಂದರೆ ಪ್ರಕ್ಷೇಪಣೆ, ಒಬ್ಬರ ತಲೆಯೊಳಗೇ ಮುಗಿಯಬಹುದಾದ ಕೆಲಸ. ನನಗೆ ಸಿಟ್ಟಿದೆ, ಅದನ್ನು ಒಪ್ಪಿಕೊಳ್ಳಲಾರೆ, ಆದ್ದರಿಂದ ನಿಮಗೆ ನನ್ನ ಮೇಲೆ ಸಿಟ್ಟಿದೆ ಎಂದುಕೊಳ್ಳುತ್ತೇನೆ. ನೀವು ನಿಮ್ಮ ಪಾಡಿಗೆ ಪತ್ರಿಕೆ ಓದುತ್ತಾ ಕೂತಿರಬಹುದು. ನಿಮಗೆ ಇದರ ಸುಳಿವೂ ಇರಬೇಕಿಲ್ಲ. ಈಗ ಅದೇ ಮಾತನ್ನು ನಾನು ಬಿಡದೆ ನಿಮ್ಮ ಮುಂದಿಡುತ್ತೇನೆ ಎಂದುಕೊಳ್ಳಿ. ‘ಯಾಕೆ ಸಿಟ್ಟಾಗಿದ್ದೀರಿ?’ ‘ಇಲ್ಲ ಅಂತ ಹೇಳುವ ದನಿಯಲ್ಲೇ ಗೊತ್ತಾಗುತ್ತೆ.’ ‘ಹೇಳಿಬಿಡಿ, ಪರವಾಗಿಲ್ಲ.’ ಏಳೆಂಟು ಸಲ ಆದ ಮೇಲೆ ನೀವು ‘ಸಾಕು ಮಾಡಿ!’ ಎಂದು ಕೂಗುತ್ತೀರಿ. ನಾನು ನಿರಾಳವಾಗಿ, ‘ನೋಡಿ, ಹೇಳಿದ್ದೆನಲ್ಲ’ ಎನ್ನುತ್ತೇನೆ. ಈಗ ಸಿಟ್ಟು ನಿಜವಾಗಿಯೂ ನಿಮ್ಮಲ್ಲಿದೆ, ನಾನು ಶಾಂತವಾಗಿದ್ದೇನೆ. ಇದು ಪ್ರೊಜೆಕ್ಟಿವ್ ಐಡೆಂಟಿಫಿಕೇಶನ್, ಪ್ರಕ್ಷೇಪಣಾ ತಾದಾತ್ಮ್ಯ. ಇನ್ನೊಂದು ಗುರುತೂ ಇದೆ: ಪ್ರಕ್ಷೇಪಣೆಯಲ್ಲಿ ಬೇಡದ್ದನ್ನು ಆಚೆ ಎಸೆದು ಅದರಿಂದ ದೂರ ಸರಿಯುತ್ತೇವೆ, ಇಲ್ಲಿ ಎಸೆದದ್ದನ್ನು ಬಿಟ್ಟು ಹೋಗಲಾಗುವುದಿಲ್ಲ. ನನ್ನದೇ ತುಂಡು ನಿಮ್ಮಲ್ಲಿದೆಯಲ್ಲ, ಅದನ್ನು ಕಾಯಬೇಕು, ನಿಯಂತ್ರಿಸಬೇಕು, ಆಗಾಗ ಬಂದು ಮುಟ್ಟಿ ನೋಡಬೇಕು. ಇಂಥ ಸಂಬಂಧಗಳು ಎಷ್ಟು ಕಹಿಯಾದರೂ ಕಡಿದುಹೋಗದಿರುವುದಕ್ಕೆ ಇದೂ ಒಂದು ಕಾರಣ.

ಈ ಪದ ಮನೋವಿಶ್ಲೇಷಣೆಯಲ್ಲಿ ಬೇರೂರಿದ್ದು ಮನೋವಿಶ್ಲೇಷಕಿ ಮೆಲನಿ ಕ್ಲೈನ್ ಅವರಿಂದ. ಬ್ರಿಟಿಷ್ ಸೈಕೋಅನಾಲಿಟಿಕಲ್ ಸೊಸೈಟಿಯಲ್ಲಿ 1946ರ ಡಿಸೆಂಬರ್‌ನಲ್ಲಿ ಅವರು ಓದಿದ, ಸ್ಕಿಜಾಯ್ಡ್, ಅಂದರೆ ಮನಸ್ಸು ತನ್ನನ್ನೇ ಸೀಳಿಕೊಳ್ಳುವ, ಪ್ರಕ್ರಿಯೆಗಳನ್ನು ಕುರಿತ ಪ್ರಬಂಧ ಇದಕ್ಕೆ ಮೂಲ. ಹಸುಳೆ ತನ್ನಲ್ಲಿರುವ ಸಹಿಸಲಾಗದ ಭಾಗವನ್ನು ಸೀಳಿ ಬೇರ್ಪಡಿಸುತ್ತದೆ, ಕಲ್ಪನೆಯಲ್ಲಿ ಅದನ್ನು ತಾಯಿಗೆ ಸಾಗಿಸುತ್ತದೆ ಎಂದರು ಕ್ಲೈನ್. ಗಮನಿಸಬೇಕಾದ ವಿಭಕ್ತಿ ಒಂದಿದೆ: ತಾಯಿಯ ‘ಮೇಲೆ’ ಎಂದು ಅವರು ಹೇಳಲಿಲ್ಲ, ತಾಯಿಯ ‘ಒಳಗೆ’ ಎಂದರು. ಒಳಗೆ ಹೊಕ್ಕು ನೋಯಿಸಲು, ವಶಪಡಿಸಿಕೊಳ್ಳಲು. ಕೆಟ್ಟದ್ದನ್ನು ಮಾತ್ರವಲ್ಲ, ಒಳ್ಳೆಯದನ್ನೂ ಹೀಗೆ ಸಾಗಿಸುವುದುಂಟು. ಅದು ಅತಿಯಾದರೆ ತನ್ನಲ್ಲಿ ಏನೂ ಉಳಿಯದೆ, ಎಲ್ಲ ಸಾಮರ್ಥ್ಯವೂ ಎದುರಿನವರಲ್ಲೇ ಇದೆ ಅನ್ನಿಸುತ್ತದೆ. ಕೌನ್ಸೆಲರನ್ನು ದೇವರ ಮಟ್ಟಕ್ಕೆ ಏರಿಸುವ ಕ್ಲೈಂಟ್‌ಗಳ ವಿಷಯದಲ್ಲಿ ಇದನ್ನು ನೆನಪಿಡಿ. ಕ್ಲೈನ್‌ಗೆ ಇದೆಲ್ಲ ಸುಪ್ತ ಮನಸ್ಸಿನ ಕಲ್ಪನೆ. ತಾಯಿಗೆ ನಿಜಕ್ಕೂ ಏನನ್ನಿಸಿತು ಎಂಬುದು ಅವರು ಎತ್ತಿಕೊಂಡ ಪ್ರಶ್ನೆಯಾಗಿರಲಿಲ್ಲ.

ಆ ಪ್ರಶ್ನೆಯನ್ನು ಎತ್ತಿಕೊಂಡವರು ನಂತರದ ಮನೋವಿಶ್ಲೇಷಕರು. 1950ರಲ್ಲಿ ಪೌಲಾ ಹೈಮನ್, ವಿಶ್ಲೇಷಕರಲ್ಲಿ ಏಳುವ ಭಾವನೆಯೇ ರೋಗಿಯ ಮನಸ್ಸನ್ನು ತಿಳಿಯುವ ಒಂದು ಸಾಧನ ಎಂದು ವಾದಿಸಿದರು. ಕ್ಲೈನ್ ಇದನ್ನು ಒಪ್ಪಲಿಲ್ಲ. ವಿಶ್ಲೇಷಕರು ತಮ್ಮ ಕೊರತೆಯನ್ನೆಲ್ಲ ರೋಗಿಯ ತಲೆಗೆ ಕಟ್ಟುತ್ತಾರೆ ಎಂಬ ಆತಂಕ ಅವರಿಗಿತ್ತು. ಆ ಆತಂಕ ಇವತ್ತಿಗೂ ಸುಳ್ಳಾಗಿಲ್ಲ, ನಿಮ್ಮ ಸಹಪಾಠಿಯ ಮಾತಿನಲ್ಲೂ ಅದರ ನೆರಳಿದೆ. ಆಮೇಲೆ ವಿಲ್ಫ್ರೆಡ್ ಬಿಯಾನ್ ಬಂದು, 1959 ಮತ್ತು 1962ರ ಬರಹಗಳಲ್ಲಿ, ಸಹಿಸಲಾಗದ್ದರಿಂದ ಮನಸ್ಸು ತನ್ನನ್ನು ಕಾಪಾಡಿಕೊಳ್ಳುವ ಈ ರಕ್ಷಣಾ ತಂತ್ರಕ್ಕೆ ಮತ್ತೊಂದು ಮುಖ ಕೊಟ್ಟರು. ಮಾತು ಬಾರದ ಮಗುವಿಗೆ ತನ್ನ ಭಯವನ್ನು ತಿಳಿಸಲು ಇರುವ ದಾರಿಯೇ ಇದು: ತಾಯಿಯಲ್ಲಿ ಆ ಭಯವನ್ನು ಎಬ್ಬಿಸುವುದು. ಸಾಯುತ್ತಿದ್ದೇನೆ ಎಂಬಷ್ಟು ಭಯದಲ್ಲಿ ಮಗು ಚೀರುತ್ತದೆ. ತಾಯಿಗೂ ಎದೆ ಝಲ್ ಎನ್ನುತ್ತದೆ. ಆದರೆ ಅವಳು ಆ ಭಯದಲ್ಲಿ ಮುಳುಗದೆ ಮಗುವನ್ನು ಎತ್ತಿಕೊಂಡು, ತಡೆದುಕೊಳ್ಳಬಹುದಾದ ರೂಪದಲ್ಲಿ ಅದನ್ನು ಮರಳಿಸುತ್ತಾಳೆ. ತಾಯಿ ಹೊರಲಾರದೆ ಹೋದರೆ? ಮಗುವಿಗೆ ಮರಳಿ ಸಿಗುವುದು ಮೊದಲಿಗಿಂತ ಘೋರವಾದದ್ದು, ಅರ್ಥವೇ ಕಳಚಿಹೋದ, ಹೆಸರಿಲ್ಲದ ಭೀತಿ. ಹೊರುವ ಪಾತ್ರೆ ಮತ್ತು ಅದರಲ್ಲಿ ಇಟ್ಟದ್ದು ಎಂಬ ಬಿಯಾನ್‌ರ ಜೋಡಿ ಇಲ್ಲಿಂದ ಬಂದದ್ದು. ನಿಮ್ಮ ಕೆಲಸದ ತಿರುಳೂ ಇಲ್ಲೇ ಇದೆ.

ಥಾಮಸ್ ಆಗ್ಡನ್ 1979ರಲ್ಲಿ ಇಡೀ ಪ್ರಕ್ರಿಯೆಯನ್ನು ಮೂರು ಹಂತವಾಗಿ ಬಿಡಿಸಿಟ್ಟರು, ಕಲಿಯುವವರಿಗೆ ಈಗಲೂ ಅದೇ ಅನುಕೂಲ. ತನ್ನ ಒಂದು ಭಾಗವನ್ನು ಇನ್ನೊಬ್ಬರಲ್ಲಿ ಇಡುವ ಕಲ್ಪನೆ ಮೊದಲನೆಯದು. ಆ ಇನ್ನೊಬ್ಬರು ಹಾಗೆಯೇ ಭಾವಿಸುವಂತೆ, ವರ್ತಿಸುವಂತೆ ಒಡನಾಟದಲ್ಲಿ ಒತ್ತಡ ಹಾಕುವುದು ಎರಡನೆಯದು. ಪಡೆದವರು ಅದನ್ನು ತಮ್ಮೊಳಗೆ ಅರಗಿಸಿಕೊಂಡು, ಮಾರ್ಪಟ್ಟ ರೂಪದಲ್ಲಿ ಮೂಲದವರಿಗೆ ಸಿಗುವಂತೆ ಮಾಡುವುದು ಮೂರನೆಯದು.

ಎರಡನೆಯ ಹಂತದ ಮೇಲೆ ನಿಮ್ಮ ಕಣ್ಣು ನೆಡಬೇಕು. ಭಾವನೆ ಗಾಳಿಯಲ್ಲಿ ಹಾರಿ ಬರುವುದಿಲ್ಲ. ಮಾತು, ದನಿ, ಮೌನದ ಅಳತೆ, ಕಣ್ಣು ಹೋಗುವ ದಿಕ್ಕು, ವಿಷಯ ಬದಲಾಯಿಸುವ ಕ್ಷಣ, ಇವುಗಳ ಮೂಲಕವೇ ಬರುತ್ತದೆ. ಒತ್ತಡ ಎಲ್ಲಿ ಬಿತ್ತು ಎಂದು ತೋರಿಸಲು ಆಗದಿದ್ದರೆ ಪ್ರಕ್ಷೇಪಣಾ ತಾದಾತ್ಮ್ಯ ಎಂಬ ಹೆಸರನ್ನು ಬಳಸದಿರುವುದೇ ಲೇಸು.

ನಿಮ್ಮ ಕ್ಲೈಂಟ್ ಏನು ಹೇಳುತ್ತಾರೆ ಎಂದು ನೀವು ಬರೆದಿಲ್ಲ. ಹುಡುಕಬೇಕಾದ್ದು ಎಂಥದ್ದು ಎಂದು ತೋರಿಸಲು ಒಂದು ಊಹೆಯ ಸನ್ನಿವೇಶ ಕೊಡುತ್ತೇನೆ. ನೀವು ಯೋಚಿಸಿ ಒಂದು ಮಾತು ಹೇಳುತ್ತೀರಿ: ‘ಕೆಲಸ ಹೋದದ್ದಕ್ಕಿಂತ, ಅದನ್ನು ತಂದೆಗೆ ಹೇಳಬೇಕಾದದ್ದು ನಿಮಗೆ ಹೆಚ್ಚು ಕಷ್ಟವಾಗಿರಬೇಕು.’ ಕ್ಲೈಂಟ್ ಎರಡು ಸೆಕೆಂಡ್ ಸುಮ್ಮನಿದ್ದು, ಮುಗುಳ್ನಕ್ಕು, ‘ಹೌದು ಹೌದು, ಚೆನ್ನಾಗಿ ಹೇಳಿದಿರಿ. ಅದನ್ನೂ ಯೋಚಿಸಿದ್ದೆ’ ಎನ್ನುತ್ತಾರೆ. ಕಣ್ಣು ಗಡಿಯಾರದ ಕಡೆ. ಆಮೇಲೆ ಬೇರೆ ವಿಷಯ. ನಲವತ್ತನೆಯ ನಿಮಿಷಕ್ಕೆ, ಕೇಳದೆಯೇ: ‘ನನ್ನ ಹಿಂದಿನ ಕೌನ್ಸೆಲರ್ ಕೂಡ ಒಳ್ಳೆಯವರೇ. ಪಾಪ, ತುಂಬಾ ಪ್ರಯತ್ನಪಟ್ಟರು.’ ಬೈಗುಳ ಒಂದೂ ಇಲ್ಲ, ದೂರು ಇಲ್ಲ. ಆದರೆ ಆ ‘ಪಾಪ’ ಎಂಬ ಪದದಲ್ಲಿ ಹಿಂದಿನವರ ಜೊತೆ ನಿಮ್ಮನ್ನೂ ಕೂರಿಸಿಯಾಯಿತು. ಹತ್ತು ನಿಮಿಷ ಬಿಟ್ಟು ಅವರು ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ನೀವು ಕುಸಿದು ಕೂರುತ್ತೀರಿ. ಇಡೀ ಸೆಷನ್‌ನಲ್ಲಿ ಕೆಲಸ ಕಳೆದುಕೊಂಡ ಆ ವ್ಯಕ್ತಿ ತನ್ನ ನಾಚಿಕೆಯ ಬಗ್ಗೆ ಒಂದು ಮಾತೂ ಆಡಿರುವುದಿಲ್ಲ.

ಆ ಕೊನೆಯ ಅಂಶವೇ ಅತಿ ಮುಖ್ಯವಾದ ಸುಳಿವು. ಕಥೆಯಲ್ಲಿ ಇರಲೇಬೇಕಾದ ಭಾವನೆ ಕಥೆ ಹೇಳುವವರಲ್ಲಿ ಕಾಣುತ್ತಿಲ್ಲ, ಕೇಳುವವರಲ್ಲಿ ಉಕ್ಕುತ್ತಿದೆ. ಇನ್ನೂ ಕೆಲವನ್ನು ನೋಡಿ. ಅದೇ ದಿನ ಬೇರೆ ಕ್ಲೈಂಟ್‌ಗಳ ಜೊತೆ ಈ ಭಾವನೆ ಇತ್ತೇ? ಈ ಕ್ಲೈಂಟ್ ಬರುವ ಮುಂಚೆಯೇ ಶುರುವಾಗಿತ್ತೇ, ಅಥವಾ ಇಂಥದ್ದೇ ಒಂದು ಮಾತಿನ ಹಿಂದೆ ಬಂತೇ? ಯೋಚಿಸುವ ಜಾಗ ಕಿರಿದಾಯಿತೇ, ಎಂದಿನ ಹಾಗೆ ಮಾತು ಹೊಳೆಯದೆ, ಬೇರೆ ಯಾರದೋ ನಾಟಕದಲ್ಲಿ ಪಾತ್ರ ವಹಿಸಿದಂತೆ ಅನ್ನಿಸಿತೇ? ಈ ಕೊನೆಯದನ್ನು ಬಿಯಾನ್ ಗುಂಪುಗಳ ಬಗ್ಗೆ ಬರೆಯುವಾಗಲೇ ಗುರುತಿಸಿದ್ದರು. ಅದರ ತೊಡಕು ಏನೆಂದರೆ, ಪಾತ್ರದಲ್ಲಿ ಇರುವಷ್ಟು ಹೊತ್ತು ಅದು ಪಾತ್ರ ಅನ್ನಿಸುವುದೇ ಇಲ್ಲ, ನಿಜಸ್ಥಿತಿ ಅನ್ನಿಸುತ್ತದೆ.

ಆದ್ದರಿಂದ ನೆನಪಿನ ಮೇಲೆ ಬಿಡದೆ ಬರೆದಿಡಿ. ಸೆಷನ್ ಮುಗಿದ ಹತ್ತು ನಿಮಿಷದೊಳಗೆ, ಒಂದು ಪುಟ ಸಾಕು, ಮೂರು ಅಂಕಣ: ಅವರು ಏನು ಹೇಳಿದರು, ನನಗೆ ಏನನ್ನಿಸಿತು, ನನಗೆ ಏನು ಮಾಡಿಬಿಡೋಣ ಅನ್ನಿಸಿತು. ಮೂರನೆಯ ಅಂಕಣವನ್ನು ತರಬೇತಿಯಲ್ಲಿರುವವರು ಬಹುಪಾಲು ಖಾಲಿ ಬಿಡುತ್ತಾರೆ, ನಿಜವಾಗಿ ಹೆಚ್ಚು ಸಿಗುವುದು ಅಲ್ಲೇ. ‘ಇನ್ನೊಂದು ಸಲಹೆ ಕೊಡೋಣ’, ‘ಹತ್ತು ನಿಮಿಷ ಹೆಚ್ಚು ಕೊಡೋಣ’, ‘ಬೇರೆಯವರ ಹತ್ತಿರ ಕಳಿಸಿಬಿಡೋಣ’. ಒತ್ತಡ ನಿಮ್ಮನ್ನು ಯಾವ ಪಾತ್ರಕ್ಕೆ ತಳ್ಳುತ್ತಿದೆ ಎಂದು ಈ ತುಡಿತಗಳು ಹೇಳುತ್ತವೆ. ಒಂದು ಸೆಷನ್ನಿನ ಪುಟದಿಂದ ತೀರ್ಮಾನಕ್ಕೆ ಬರಬೇಡಿ, ನಾಲ್ಕೈದು ಸೇರಲಿ.

ಯಾವ ಪಾತ್ರ ಎಂಬುದನ್ನು ಬಿಡಿಸಲು ಹೈನ್ರಿಕ್ ರಾಕರ್ ಮಾಡಿದ ಒಂದು ವಿಂಗಡಣೆ ಕೈಗೆ ಬರುತ್ತದೆ. ಕೆಲವೊಮ್ಮೆ ನಾವು ಕ್ಲೈಂಟ್ ಇದ್ದ ಜಾಗದಲ್ಲಿ ನಿಲ್ಲುತ್ತೇವೆ: ಎಷ್ಟು ಮಾಡಿದರೂ ಸಾಲದ ಮಗು ನಾನು. ಕೆಲವೊಮ್ಮೆ ಕ್ಲೈಂಟ್‌ನ ಎದುರು ಇದ್ದವರ ಜಾಗದಲ್ಲಿ: ಏನು ಮಾಡಿದರೂ ಮೆಚ್ಚದ ಹಿರಿಯ ನಾನು. ನಿಮ್ಮದು ಸದ್ಯಕ್ಕೆ ಮೊದಲನೆಯದರಂತೆ ಕಾಣುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ‘ಇವರಿಗೆ ಎಷ್ಟು ಹೇಳಿದರೂ ಅಷ್ಟೇ’ ಎಂಬ ತಾತ್ಸಾರ ನಿಮ್ಮಲ್ಲಿ ಎದ್ದರೆ ಗಾಬರಿಯಾಗಬೇಡಿ, ಅದೇ ಹಳೆಯ ಸಂಬಂಧದ ಇನ್ನೊಂದು ತುದಿ ಅದು. ಎರಡೂ ತುದಿ ಸಿಕ್ಕಾಗಲೇ ಇಡೀ ಸಂಬಂಧ ಅರ್ಥವಾಗುವುದು.

ಈಗ ನಿಮ್ಮ ಪಾಲಿನ ವಿಷಯ. ಲಿಯಾನ್ ಗ್ರಿನ್‌ಬರ್ಗ್ ಅವರಂಥವರು, ಕೆಲವು ಸಲ ರೋಗಿಯ ಪ್ರಕ್ಷೇಪಣೆ ಎಷ್ಟು ಬಲವಾಗಿರುತ್ತದೆಂದರೆ ಆ ಕುರ್ಚಿಯಲ್ಲಿ ಯಾರು ಕೂತಿದ್ದರೂ ಅದೇ ಪ್ರತಿಕ್ರಿಯೆ ಬರುತ್ತಿತ್ತು ಎಂದರು. ಇದನ್ನು ಪೂರ್ತಿ ಒಪ್ಪುವುದು ಕಷ್ಟ. ಅಂಗಿ ನೇತುಹಾಕಲು ಗೂಟ ಬೇಕು. ತರಬೇತಿಯಲ್ಲಿರುವವರಲ್ಲಿ ‘ನನ್ನಿಂದ ಆಗುವುದಿಲ್ಲವೇನೋ’ ಎಂಬ ಗೂಟ ಗಟ್ಟಿಯಾಗಿಯೇ ಇರುತ್ತದೆ, ಕ್ಲೈಂಟ್‌ನ ಸುಪ್ತ ಮನಸ್ಸು ಅದನ್ನು ಬೇಗ ಪತ್ತೆ ಹಚ್ಚುತ್ತದೆ. ಅದೇ ಕ್ಲೈಂಟ್ ಇನ್ನೊಬ್ಬ ಕೌನ್ಸೆಲರ್‌ನಲ್ಲಿ ನಿಷ್ಪ್ರಯೋಜಕ ಭಾವದ ಬದಲು ಹಟವನ್ನೋ ಬೇಸರವನ್ನೋ ಎಬ್ಬಿಸಬಹುದಿತ್ತು. ನಿಮ್ಮ ಗೂಟಗಳು ಎಲ್ಲೆಲ್ಲಿವೆ ಎಂದು ತಿಳಿಯಲಿ ಎಂದೇ ತರಬೇತಿಯಲ್ಲಿ ಸ್ವಂತ ಥೆರಪಿಗೆ ಅಷ್ಟು ಒತ್ತು ಕೊಡುತ್ತಾರೆ.

ಇದಕ್ಕಿಂತ ಮುಜುಗರದ ಸಾಧ್ಯತೆಯನ್ನೂ ಬದಿಗೆ ತಳ್ಳಬೇಡಿ: ನಿಮ್ಮ ಭಾವನೆ ನೇರ ಸತ್ಯವೇ ಇರಬಹುದು. ಎಂಟು ಸೆಷನ್ ಆದರೂ ಕೆಲಸ ಮುಂದೆ ಹೋಗಿಲ್ಲದಿರಬಹುದು. ಪರೀಕ್ಷಿಸುವ ದಾರಿ ಸರಳ. ಮೊದಲ ಸೆಷನ್‌ನಲ್ಲಿ ಯಾವ ಉದ್ದೇಶ ಇಟ್ಟುಕೊಂಡಿದ್ದಿರೋ ಅದನ್ನು ತೆಗೆದು, ‘ನಾವು ಇದಕ್ಕೆ ಹತ್ತಿರ ಬಂದಿದ್ದೇವೆ ಅನ್ನಿಸುತ್ತಿದೆಯಾ? ಎಲ್ಲಿ ನನ್ನ ಮಾತು ನಿಮಗೆ ಉಪಯೋಗಕ್ಕೆ ಬಂದಿಲ್ಲ?’ ಎಂದು ಕೇಳಿ. ಉತ್ತರ ‘ಎಲ್ಲ ಚೆನ್ನಾಗಿದೆ’ ಎಂದಷ್ಟೇ ಬಂದು, ನಿಮ್ಮ ಎದೆ ಮತ್ತೆ ಭಾರವಾದರೆ, ಅದನ್ನೂ ಪುಟಕ್ಕೆ ಸೇರಿಸಿ.

ಇನ್ನೊಂದನ್ನು ತಡಮಾಡದೆ ಮಾಡಬೇಕು. ಕ್ಲೈಂಟ್ ಶಾಂತ, ಕೌನ್ಸೆಲರ್ ಹತಾಶ ಎಂಬ ಜೋಡಿ ಕಂಡಾಗ ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ನೇರವಾಗಿ, ಆ ಪದವನ್ನೇ ಬಳಸಿ ಕೇಳಿ. ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಈ ಸಿದ್ಧಾಂತವನ್ನೆಲ್ಲ ಪಕ್ಕಕ್ಕಿಟ್ಟು, ನಿಮ್ಮ ಸಂಸ್ಥೆಯ ಸುರಕ್ಷತಾ ಕ್ರಮವನ್ನು ಅನುಸರಿಸಿ, ಅದೇ ದಿನ ಸೂಪರ್‌ವೈಸರ್‌ಗೆ ತಿಳಿಸಿ.

ಗುರುತಿಸಿದ ಮೇಲೆ ಏನು ಮಾಡುವುದು? ಸೆಷನ್ ನಡೆಯುವಾಗ ಮೊದಲ ಕೆಲಸ, ಮನಸ್ಸಿನಲ್ಲೇ ಅದಕ್ಕೆ ಹೆಸರಿಡುವುದು: ‘ಈಗ ನಾನು ಬೇಡದವಳು ಅನ್ನಿಸುತ್ತಿದೆ.’ ಹೆಸರಿಟ್ಟ ಭಾವನೆ ಸ್ವಲ್ಪ ದೂರ ಸರಿದು ನಿಲ್ಲುತ್ತದೆ. ನಂತರ ಮೂರನೆಯ ಅಂಕಣದ ತುಡಿತವನ್ನು ತಡೆಯುವುದು. ಹೆಚ್ಚುವರಿ ಸಲಹೆ, ಹೆಚ್ಚುವರಿ ಸಮಯ, ಮನೆಗೆ ಅಭ್ಯಾಸದ ಹಾಳೆ, ಇವನ್ನೆಲ್ಲ ಆ ಹೊತ್ತಿಗೆ ಕೊಟ್ಟರೆ ಅದು ಕ್ಲೈಂಟ್‌ಗಾಗಿ ಕೊಟ್ಟದ್ದಾಗಿರುವುದಿಲ್ಲ, ನಿಮ್ಮ ಭಾರ ಇಳಿಸಿಕೊಳ್ಳಲು ಕೊಟ್ಟದ್ದಾಗಿರುತ್ತದೆ. ಕ್ಲೈಂಟ್‌ಗೆ ಅದು ತಿಳಿಯುತ್ತದೆ: ಇವರಿಗೂ ಇದನ್ನು ಹೊರಲು ಆಗಲಿಲ್ಲ. ಒಮ್ಮೊಮ್ಮೆ ತಡೆಯಲಾಗದೆ ಪಾತ್ರಕ್ಕೆ ಜಾರಿಯೇಬಿಡುತ್ತೀರಿ. ಜೋಸೆಫ್ ಸ್ಯಾಂಡ್ಲರ್ 1976ರಲ್ಲೇ ಹೇಳಿದಂತೆ, ಕ್ಲೈಂಟ್ ಒಡ್ಡುವ ಪಾತ್ರಕ್ಕೆ ನಾವು ಸ್ವಲ್ಪ ಓಗೊಡುವುದು ಸಹಜ, ಆಮೇಲೆ ಅದನ್ನು ಗಮನಿಸಿದರೆ ಅದೂ ಮಾಹಿತಿಯೇ.

ಮಾತಾಗಿ ಹೇಳುವ ಘಟ್ಟದಲ್ಲಿ ಹೆಚ್ಚು ಕೆಡುತ್ತದೆ. ‘ನಿಮ್ಮ ನಿಷ್ಪ್ರಯೋಜಕ ಭಾವನೆಯನ್ನು ನೀವು ನನ್ನೊಳಗೆ ಹಾಕುತ್ತಿದ್ದೀರಿ’ ಎಂಬ ವಾಕ್ಯ ಪುಸ್ತಕದಲ್ಲಿ ಸರಿ, ಕೋಣೆಯಲ್ಲಿ ತಪ್ಪು. ಸಹಿಸಲಾರದೆ ಹೊರಗಿಟ್ಟದ್ದನ್ನು ನೀವು ಹಾಗೇ, ಬೇಯಿಸದೆ, ಅವರ ಮಡಿಲಿಗೆ ಎಸೆದಂತಾಗುತ್ತದೆ. ಜಾನ್ ಸ್ಟೈನರ್ 1993ರಲ್ಲಿ ಮಾಡಿದ ಒಂದು ಭೇದ ಇಲ್ಲಿ ಬಹಳ ಉಪಕಾರಿ: ಕ್ಲೈಂಟ್ ಏನು ಮಾಡುತ್ತಿದ್ದಾರೆ ಎಂದು ಹೇಳುವ ಬದಲು, ಕ್ಲೈಂಟ್ ಕಣ್ಣಿಗೆ ನಾವು ಈಗ ಹೇಗೆ ಕಾಣುತ್ತಿದ್ದೇವೆ ಎಂಬಲ್ಲಿಂದ ಶುರುಮಾಡುವುದು. ‘ನಿಮಗೆ ನಿಜಕ್ಕೂ ಕಷ್ಟವಾಗಿರುವುದು ಏನು ಅಂತ ನನಗೆ ಅರ್ಥವೇ ಆಗುತ್ತಿಲ್ಲ, ಬರೀ ಒಳ್ಳೆಯ ಮಾತು ಆಡುತ್ತಿದ್ದೇನೆ ಅಂತ ನಿಮಗೆ ಅನ್ನಿಸುತ್ತಿರಬಹುದು.’ ಇಷ್ಟೇ ಹೇಳಿ ಸುಮ್ಮನಿರಿ. ಇದರಲ್ಲಿ ಆರೋಪವಿಲ್ಲ, ನೀವು ಆ ಜಾಗದಲ್ಲಿ ನಿಂತು ಮುರಿದುಬೀಳಲಿಲ್ಲ ಎಂಬುದು ಅವರಿಗೆ ಕಾಣುತ್ತದೆ. ಕೆಲವು ವಾರ ಬಿಟ್ಟು, ಅವರದೇ ಕಥೆ ಸಮೀಪ ಬಂದಾಗ: ‘ಎಷ್ಟು ಮಾಡಿದರೂ ಎದುರಿಗಿರುವವರಿಗೆ ಸಾಲುವುದಿಲ್ಲ ಅನ್ನುವುದು ಎಂಥ ಅನುಭವ ಅಂತ ನಿಮಗೆ ಚೆನ್ನಾಗಿ ಗೊತ್ತಿರಬೇಕು.’

ಮಾತು ತಲುಪಿತು ಎಂದು ತಿಳಿಯುವುದು ಹೇಗೆ? ‘ಸರಿಯಾಗಿ ಹೇಳಿದಿರಿ’ ಎಂದು ತಡೆಯಿಲ್ಲದೆ ಬಂದರೆ ತಲುಪಿಲ್ಲ, ಅದು ಹಳೆಯ ಆಟದ ಮುಂದುವರಿಕೆ. ದನಿ ಇಳಿದರೆ, ಹಿಂದೆಂದೂ ಹೇಳದ ಒಂದು ನೆನಪು ಬಂದರೆ, ನಿಮ್ಮ ಮೇಲೆ ನೇರ ಸಿಟ್ಟು ಹೊರಬಿದ್ದರೂ ಸಹ, ಏನೋ ಕದಲಿದೆ ಎಂದರ್ಥ. ನಿಮ್ಮ ಎದೆಯ ಭಾರ ಅದೇ ಹೊತ್ತಿಗೆ ಹಗುರಾಗುವುದನ್ನೂ ಕೆಲವೊಮ್ಮೆ ಗಮನಿಸುತ್ತೀರಿ.

ರೋಗನಿರ್ಣಯದ ಕಡೆಗೆ ಮಾತ್ರ ಓಡಬೇಡಿ. ಮನೋರೋಗಗಳನ್ನು ಗುರುತಿಸುವ ಅಮೆರಿಕದ ಕೈಪಿಡಿಯಾದ ಡಿಎಸ್‌ಎಂ-4ರ (1994) ಅನುಬಂಧದಲ್ಲಿ ಈ ತಂತ್ರವನ್ನು ಸ್ಪ್ಲಿಟಿಂಗ್ (ಎಲ್ಲವನ್ನೂ ಪೂರ್ತಿ ಒಳ್ಳೆಯದು, ಪೂರ್ತಿ ಕೆಟ್ಟದ್ದು ಎಂದು ಸೀಳುವುದು) ಜೊತೆ, ತನ್ನ ಮತ್ತು ಇತರರ ಚಿತ್ರವನ್ನು ತೀವ್ರವಾಗಿ ತಿರುಚುವ ಮಟ್ಟದಲ್ಲಿ ಇಟ್ಟಿದ್ದರು. ಭಾವನೆ, ಸಂಬಂಧಗಳು ತೀವ್ರವಾಗಿ ಏರಿಳಿಯುವ ಬಾರ್ಡರ್‌ಲೈನ್ ವ್ಯಕ್ತಿತ್ವವನ್ನು ವಿವರಿಸುವಾಗ ಆಟೊ ಕರ್ನ್‌ಬರ್ಗ್ ಇದಕ್ಕೆ ದೊಡ್ಡ ಸ್ಥಾನ ಕೊಟ್ಟರು. ಆದರೆ ಒತ್ತಡ ಮಿತಿಮೀರಿದಾಗ ಯಾರು ಬೇಕಾದರೂ ಇದನ್ನು ಬಳಸುತ್ತಾರೆ. ಒಬ್ಬರು ಯಾವಾಗಲೂ ಶಾಂತ, ಇನ್ನೊಬ್ಬರು ಯಾವಾಗಲೂ ಸಿಡುಕು ಎಂದು ಹಂಚಿಕೊಂಡ ದಂಪತಿಗಳಲ್ಲಿ ಇದು ಎರಡೂ ಕಡೆಯಿಂದ ನಡೆಯುವುದುಂಟು. ಹೆನ್ರಿ ಡಿಕ್ಸ್ 1967ರ ಪುಸ್ತಕದಲ್ಲಿ ಅದನ್ನೇ ವಿವರಿಸಿದರು. ಹಾಗೆಂದು ಈ ಪದವನ್ನು ಮನೆಗೆ ಒಯ್ದು ಜಗಳದಲ್ಲಿ ಬಳಸಬೇಡಿ. ಹೊಡೆತ, ಬೆದರಿಕೆ ಇರುವ ಸಂಬಂಧದಲ್ಲಂತೂ, ಪೆಟ್ಟು ತಿನ್ನುವವರ ಭಯವನ್ನು ‘ಇನ್ನೊಬ್ಬರ ಪ್ರಕ್ಷೇಪಣೆ’ ಎಂದು ವಿವರಿಸುವುದು ಘೋರ ತಪ್ಪು. ಅವರ ಭಯಕ್ಕೆ ಕಾರಣ ಕಣ್ಣೆದುರಿಗೇ ಇದೆ.

ಸೂಪರ್‌ವಿಷನ್‌ಗೆ ಹೋಗುವಾಗ ಕ್ಲೈಂಟ್‌ನ ಇಡೀ ಕಥೆ ಬೇಡ. ಐದು ನಿಮಿಷದ ಸಂಭಾಷಣೆ ಸಾಕು, ನೆನಪಿರುವಷ್ಟು ಪದಕ್ಕೆ ಪದ, ಮೌನಗಳನ್ನೂ ಗುರುತಿಸಿ ಬರೆದುಕೊಂಡು ಹೋಗಿ, ಗಟ್ಟಿಯಾಗಿ ಓದಿ. ಓದುವಾಗ ಸೂಪರ್‌ವೈಸರ್‌ಗೆ ಏನನ್ನಿಸಿತು ಎಂದು ಕೇಳಿ. ಕೌನ್ಸೆಲಿಂಗ್ ಕೋಣೆಯ ಸಂಬಂಧ ಸೂಪರ್‌ವಿಷನ್ ಕೋಣೆಯಲ್ಲಿ ಮರುಕಳಿಸುತ್ತದೆ ಎಂದು ಹೆರಾಲ್ಡ್ ಸರ್ಲ್ಸ್ 1955ರಲ್ಲೇ ತೋರಿಸಿದ್ದರು. ಸೂಪರ್‌ವೈಸರ್ ಕೊಟ್ಟ ಸಲಹೆಗೆ ನೀವು ‘ಹೌದು ಹೌದು, ಅದನ್ನೂ ಯೋಚಿಸಿದ್ದೆ’ ಎಂದು ಮುಗುಳ್ನಕ್ಕು ಮುಂದೆ ಹೋದರೆ, ಅಲ್ಲೇ ನಿಲ್ಲಿಸಿ, ಆ ಸಾಲನ್ನೂ ಪುಟದಲ್ಲಿ ಬರೆದುಕೊಳ್ಳಿ.